ಮನೆಯವರಿಗಷ್ಟೇ ‘ನೋಡೂಣು’

ಕಲಘಟಗಿಯ ನಮ್ಮ ಓಣಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವ ಕಾಕಾ ಒಬ್ಬರಿದ್ದಾರೆ. ತೊಟ್ಟಿಲು ಕೇಳಿಕೊಂಡು ದೂರದೂರಿನಿಂದ ಬಂದವರಿಗೆಲ್ಲ ಅವರು ಹೇಳುವುದು ಒಂದೇ ಮಾತು: “ಶುಕ್ರವಾರ ಕೊಡ್ತೀನ್ರಿ, ನನ್ನ ಮಗಳಾಣಿ.” ಆ ಶುಕ್ರವಾರ ಬಂದದ್ದನ್ನು ನಾನು ಕಂಡಿಲ್ಲ. ಕೆಲವು ತೊಟ್ಟಿಲುಗಳು ಮನೆ ಸೇರುವಷ್ಟರಲ್ಲಿ ಮಲಗಬೇಕಾದ ಕೂಸು ಅಂಬೆಗಾಲಿಡುತ್ತಿರುತ್ತಿತ್ತು.

ಅವರ ಮಗಳು ನನ್ನ ಗೆಳತಿ. ಶಾಲೆಗೆ ಹೋಗುವಾಗ ಹಣೆ ಒತ್ತಿಕೊಂಡು ಅನ್ನುತ್ತಿದ್ದಳು: “ನಮ್ಮಪ್ಪ ಮುಂಜಾನಿಂದ ಎಷ್ಟ ಆಣಿ ಹಾಕ್ಯಾನೋ ಏನೋ, ತಲಿ ಸಿಡ್ಯಾಕತ್ತೈತಿ ಲೇ.” ನಾನು ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ದಿನವಿಡೀ ಅವಳು ಅಪ್ಪನ ಬಾಯಲ್ಲಿರುತ್ತಿದ್ದಳು. ಸುಳ್ಳಿಗಾದರೇನು, ಇದ್ದಳಲ್ಲ.

ನನ್ನ ತಂದೆ ಮೆನ್ನೋನೈಟ್ ಎಂಬ ಕ್ರೈಸ್ತ ಸಭೆಯ ಪಾಸ್ಟರ್. ನಮ್ಮವರು ಆಣೆ ಮಾಡುವಂತಿಲ್ಲ. ದೇವರ ಮೇಲೂ ಇಲ್ಲ, ಮಕ್ಕಳ ಮೇಲೂ ಇಲ್ಲ. ಹೌದು ಎಂದರೆ ಹೌದು, ಅಷ್ಟೇ. ಸಭೆಯ ಹೆಸರು ಊರವರ ನಾಲಗೆಗೆ ಹೊರಳದೆ ನನ್ನ ತಂದೆ ‘ಆಣಿ ಮಾಡದ ಪಾಸ್ಟರ್’ ಆದರು. ಇಬ್ಬರ ನಡುವೆ ಜಗಳ ಬಂದರೆ, “ಪಾಸ್ಟರ್ರು ಹೂಂ ಅಂದಾರಿಲ್ಲೋ?” ಎಂದು ಕೇಳಿ ಅಲ್ಲಿಗೇ ಬಿಡುತ್ತಿದ್ದರು.

ಕೊಟ್ಟ ಮಾತು ಹಿಂದಕ್ಕೆ ಬರುವಂತಿರಲಿಲ್ಲವಾದ್ದರಿಂದ ಪಪ್ಪಾ ಅದನ್ನು ಬಲು ನೋಡಿ ಕೊಡುತ್ತಿದ್ದರು. ಆಸ್ಪತ್ರೆಯಲ್ಲಿದ್ದವರಿಗೆ, ಸಾವಾದ ಮನೆಯವರಿಗೆ, ಗಂಡ ಹೊಡೆದನೆಂದು ಅಳುತ್ತ ಬಂದವರಿಗೆ ‘ಬರ್ತೀನಿ’. ನನಗೂ ಅವ್ವನಿಗೂ ‘ನೋಡೂಣು’. ಶಾಲೆಯ ಗ್ಯಾದರಿಂಗಿಗೆ ನೋಡೂಣು, ಸೋದರಮಾವನ ಮದುವೆಗೆ ನೋಡೂಣು. ಬಿರುಸಿನ ಮನುಷ್ಯರಲ್ಲ. ಭಾನುವಾರ ಮಧ್ಯಾಹ್ನ ಅವ್ವ ಮಲಗಲೆಂದು ತಾವೇ ಪಾತ್ರೆ ತಿಕ್ಕುತ್ತಿದ್ದರು. ಎಂಟನೆಯ ತರಗತಿಯವರೆಗೂ ನನ್ನ ತಲೆಗೆ ಎಣ್ಣೆ ಹಚ್ಚಿ, ಬೈತಲೆ ಸೊಟ್ಟಗೆ ತೆಗೆದು, ಎರಡು ಹೆರಳು ಹಾಕುತ್ತಿದ್ದವರೂ ಅವರೇ. ಆದರೂ ಆ ‘ಬರ್ತೀನಿ’ ನಮ್ಮ ಹೊಸ್ತಿಲ ಹೊರಗೇ ಖರ್ಚಾಗುತ್ತಿತ್ತು.

ರೋಗಿಗಳ ಮೇಲೆ ಹೊಟ್ಟೆಕಿಚ್ಚುಪಡುವುದು ಕಷ್ಟ. ಹಾಗಾಗಿ ನಾನು ಒಬ್ಬಳನ್ನು ಆರಿಸಿಕೊಂಡೆ. ಕಾಡಿನ ಬದಿಯ ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ಅಜ್ಜಿಯಿದ್ದಳು. ಪ್ರತಿ ತಿಂಗಳ ಮೊದಲ ಶನಿವಾರ ಪಪ್ಪಾ ಅವಳಲ್ಲಿಗೆ ಹೋಗುವುದು ತಪ್ಪುತ್ತಿರಲಿಲ್ಲ. ಹಳ್ಳ ಬಂದ ದಿನ ಬೈಕನ್ನು ಈಚೆ ದಡದಲ್ಲಿ ನಿಲ್ಲಿಸಿ, ಸುತ್ತುಹಾಕಿ ನಡೆದು ಹೋಗಿದ್ದರು. ನಾನು ಭಾಷಣ ಸ್ಪರ್ಧೆಯಲ್ಲಿ ಮಾತಾಡಿದ್ದು ಅದೇ ದಿನ. ಸಂಜೆ ಅಂಗಿಯಲ್ಲಿ ಸೌದೆಯ ಹೊಗೆಯ ವಾಸನೆ ಹೊತ್ತು ಬಂದು, ಅವಳು ಹೇಳಿದ ನಗೆಮಾತುಗಳನ್ನು ನಮಗೆ ಹೇಳಿ ತಾವೇ ನಕ್ಕರು. ಅವಳನ್ನು ನಾನು ನೋಡಿರಲಿಲ್ಲ. ಪಪ್ಪಾ ಎರಡು ಸಲ ಕರೆದಾಗಲೂ ಓದುವುದಿದೆ ಎಂದಿದ್ದೆ.

ಧಾರವಾಡದಲ್ಲಿ ನನ್ನ ಎಂ.ಎ. ಮುಗಿದು ಘಟಿಕೋತ್ಸವದ ತಾರೀಖು ಗೊತ್ತಾಯಿತು. ಪಪ್ಪಾ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಪಪ್ಪಾ, ನೋಡೂಣು ಅನ್ನಬ್ಯಾಡ್ರಿ. ಬರ್ತೀರೋ ಇಲ್ಲೋ, ಅಷ್ಟ ಹೇಳ್ರಿ.”

ಅವರ ಕೈ ನಿಂತಿತು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. “ಬರ್ತೀನಿ,” ಎಂದರು. ಒಲೆಯ ಮುಂದಿದ್ದ ಅವ್ವ ತಿರುಗಿ ಅವರ ಮುಖ ನೋಡಿದಳು.

ಮರುದಿನ ಗೆಳತಿಗೆ ಹೇಳಲು ಹೋದೆ. ಹೆರಿಗೆಗೆ ತವರಿಗೆ ಬಂದಿದ್ದ ಅವಳು ಅಪ್ಪನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ನನ್ನ ತೊಟ್ಟಲ ಯಾವಾಗ ಮುಗಸ್ತೀಯಪಾ?”

“ಶುಕ್ರವಾರ ಬೇ. ನನ್ನ ಮಗಳಾಣಿ.”

“ಯಪ್ಪಾ! ನನ್ನ ಮುಂದ ನನ್ನಾಣೀನ ಹಾಕ್ತಿ?”

ಕಾಕಾ ಕುಂಚ ಹಿಡಿದುಕೊಂಡೇ ನಕ್ಕರು. ನನ್ನ ಸುದ್ದಿ ಕೇಳಿ ಗೆಳತಿ ಅಂದಳು: “ನಿಮ್ಮಪ್ಪ ಬರ್ತೀನಿ ಅಂದ್ರೇನ? ಹಂಗಾರ ಬಂದಂಗ ಬಿಡು. ಪುಣ್ಯಾ ಮಾಡೀ ಲೇ.” ಅವಳ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚಿತ್ತು. ಅದನ್ನು ನಾನು ಬಹಳ ದಿನ ಜೋಪಾನವಾಗಿಟ್ಟುಕೊಂಡೆ.

ಘಟಿಕೋತ್ಸವದ ದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು. ಅಜ್ಜಿಯ ಮನೆಯಿಂದ. ಅವಳಿಗೆ ಉಸಿರು ಏರಿದೆ, ಪಾಸ್ಟರನ್ನು ಕೇಳುತ್ತಿದ್ದಾಳೆ. ಪಪ್ಪಾ ಜಗಲಿಯಲ್ಲಿ ನಿಂತು ಕೇಳಿಸಿಕೊಂಡರು. ಕಡೆಗೆ ಒಂದೇ ಮಾತು ಹೇಳಿದರು: “ನೋಡೂಣು.”

ನಮ್ಮ ಮಾತು ಹೊರಗಿನವರ ಪಾಲಿಗೆ ಹೋದದ್ದನ್ನು ಮೊದಲ ಸಲ ಕೇಳಿದೆ. ನನಗಾದದ್ದು ಸಂತೋಷವೇ.

ಒಳಗೆ ಬಂದು ನನ್ನೆದುರು ನಿಂತರು. ನಾನು ಸೀರೆಯ ನೆರಿಗೆ ಹಿಡಿಯುತ್ತಿದ್ದೆ.

“ಅಜ್ಜಿ ಉಳ್ಯಾಂಗಿಲ್ಲ ಅಂತ ಕಾಣತೈತಿ. ನಿನಗ ಮಾತ ಕೊಟ್ಟೀನಿ. ನೀ ಬಿಟ್ಟರ ಹೋಗ್ತೀನಿ.”

ಬೇಡಿದ್ದಲ್ಲ, ಬೈದದ್ದೂ ಅಲ್ಲ. ಬರೀ ಕೇಳಿದ್ದು. ನಾನು ನೆರಿಗೆಯನ್ನು ಮತ್ತೊಮ್ಮೆ ಬಿಚ್ಚಿ ಸರಿಮಾಡಿಕೊಂಡೆ.

“ಎಂಟಕ್ಕ ಬಸ್ ಐತ್ರಿ,” ಎಂದೆ.

“ಆತು,” ಎಂದು ಅವರು ಅಂಗಿ ಬದಲಿಸಲು ಹೋದರು. ಅವ್ವ ನನ್ನ ಕಡೆ ನೋಡಲಿಲ್ಲ.

ಸಭಾಂಗಣದಲ್ಲಿ ಪಪ್ಪಾ ಹಿಂದಿನ ಸಾಲಿನಲ್ಲಿ ಕುಳಿತು, ನನಗಷ್ಟೇ ಅಲ್ಲ, ಎಲ್ಲರ ಮಕ್ಕಳಿಗೂ ಚಪ್ಪಾಳೆ ತಟ್ಟಿದರಂತೆ. ಹೊರಗೆ ಬಂದು ನನ್ನ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಓದಿದರು. ತಿರುವಿ ಖಾಲಿಯಿದ್ದ ಬೆನ್ನನ್ನೂ ನೋಡಿದರು. “ಅಗದಿ ಛಲೋ ಆತು,” ಎಂದರು. ಆಮೇಲೆ ಜೇಬಿನಿಂದ ಫೋನು ತೆಗೆದು ನೋಡಿ ಅವ್ವನಿಗೆ ಹೇಳಿದರು: “ಹೋದಳಂತ.” ಅಲ್ಲಿಂದಲೇ ಬಸ್ಸು ಹತ್ತಿ ಅಜ್ಜಿಯ ಮಣ್ಣಿಗೆ ಹೋದರು.

ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಮುಂದಿನ ಶನಿವಾರ ಅವರು ಆ ಮನೆಗೆ ಹೊರಟಾಗ, ಯಾರೂ ಕರೆಯದೆ ಬೈಕಿನ ಹಿಂದೆ ಹತ್ತಿ ಕುಳಿತೆ.

ಅಜ್ಜಿಯ ಸೊಸೆ ಚಹಾ ಕೊಟ್ಟಳು. ಪಪ್ಪಾ ಹಿತ್ತಲಿನಲ್ಲಿ ಗಂಡಸರ ಜೊತೆ ಮಾತಾಡುತ್ತಿದ್ದರು. ನಾನು ಕೇಳದೆಯೇ ಅವಳು ಹೇಳಿದಳು:

“ಅವತ್ತ ಅತ್ತಿ ಒಂದ ಸವನ ಕೇಳಾಕತ್ತಿದ್ರು, ‘ಬರ್ತೀನಿ ಅಂದನೇನು’ ಅಂತ. ಸುಳ್ಳ ಹೇಳೂದು ಹ್ಯಾಂಗ್ರಿ? ‘ನೋಡೂಣು’ ಅಂದಾರ ಅಂದೆ. ಅಷ್ಟಕ್ಕ ನಕ್ರು ನೋಡ್ರಿ!”

“ನಕ್ರಾ?”

“ಹೌದ್ರಿ. ‘ಅವ ಮನ್ಯಾಗಿನವರಿಗೆ ಅಷ್ಟ ನೋಡೂಣು ಅಂತಾನ. ಹೊರಗಿನವರು ಕಾಯಾಂಗಿಲ್ಲ, ಮನಿಯವರು ಕಾಯ್ತಾರ ಅಂತ ಅವನೇ ನನಗ ಹೇಳಿದ್ದ. ಕಡೀಕ ನನ್ನೂ ಮನಿ ಮಂದ್ಯಾಗ ಹಿಡದ್ನಲ್ಲ’ ಅಂದ್ರು.”

ಕೈಯಲ್ಲಿನ ಚಹಾ ಹಾಗೇ ಆರಿತು. ಪಪ್ಪಾರನ್ನು ಹೋಗಗೊಡದೆ ನಾನು ಗೆದ್ದೆನೆಂದುಕೊಂಡ ದಿನವೇ, ಅಜ್ಜಿ ಆ ‘ನೋಡೂಣು’ವನ್ನು ತನ್ನದಾಗಿಸಿಕೊಂಡು ಹೋಗಿದ್ದಳು.

ಹಿಂದಿರುಗುವಾಗ ಹಳ್ಳದ ಹತ್ತಿರ ಬೈಕು ನಿಧಾನವಾಯಿತು. ನಾನು ಕೇಳಿದೆ: “ಪಪ್ಪಾ, ಮನಿಯವರು ಕಾಯ್ತಾರ ಅಂತ ಅಜ್ಜಿಗೆ ಹೇಳಿದ್ರಂತ. ನಮಗ್ಯಾಕ ಹೇಳಲಿಲ್ರಿ?”

ಅವರು ಬೈಕನ್ನು ಹಳ್ಳಕ್ಕಿಳಿಸಿ ಆಚೆ ದಡಕ್ಕೆ ಹತ್ತಿಸಿದರು.

“ಮನಿಯವರಿಗೆ ನೋಡೂಣು ಯಾಕಂತೀ ಅಂತ ಆಕಿ ಕೇಳಿದ್ದಳವಾ,” ಎಂದರು.