ಮೂರನೆಯ ಕಾಗದ

ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಸಾಬರು ರೇಷ್ಮೆಹುಳ ಸಾಕುತ್ತಿದ್ದರು. ಯಾರು ಏನು ಹೇಳಿದರೂ "ಒಸಿ ತೋರ್ಸಿ" ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಹುಳದ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದ ನಾನು, ಒಂದು ವರ್ಷ ನಿಮ್ಮಲ್ಲಿ ಕಲಿಯಲು ಬರಲೇ ಎಂದು ಜಪಾನಿನ ಪ್ರೊಫೆಸರೊಬ್ಬರಿಗೆ ಎರಡು ಸಲ ಬರೆದಿದ್ದೆ. ಉತ್ತರ ಬರಲಿಲ್ಲ. ಊರಿಗೆ ಬಂದಾಗ ಮೂರನೆಯ ಕಾಗದವನ್ನು ಸಾಬರಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ನಿಮ್ ಪಾಸು, ಮೆಡಲು ಎಲ್ಲಾ ಐತೆ. ಹುಳ ಎಲ್ಲೈತೆ ಸ್ವಾಮಿ?" ಎಂದರು.

ನಾಚಿಕೆಯಾಯಿತು. ಅದನ್ನು ಹರಿದುಹಾಕಿದೆ. ಆಗ ಅವರ ಮನೆಯಲ್ಲೇ ಹುಳ ಸಾಯುತ್ತಿದ್ದವು. ಹದಿನೈದು ದಿನ ಹುಳದ ತಟ್ಟೆಗಳ ಮುಂದೆ ಕೂತು, ಕಂಡದ್ದನ್ನೆಲ್ಲ ಪ್ರೊಫೆಸರಿಗೆ ಬರೆದು ಕಳಿಸಿದೆ. ಬರಹೇಳಿ ಉತ್ತರ ಬಂತು.

ಸುದ್ದಿ ಹೇಳಿದಾಗ ಸಾಬರು ಹುಳಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ಕೇಳಿದರು:

"ಅಲ್ಲೂ ಹುಳ ಸಾಯ್ತವಾ?"

"ಸಾಯ್ತವಂತೆ."

"ಹಂಗಾರೆ ನಮ್ ಕಷ್ಟ ಅವ್ರಿಗೆ ಗೊತ್ತಾಯ್ತದೆ. ಹೋಗ್ಬನ್ನಿ."