ಅಟ್ಟದ ಮನೆಯ ತೊಲೆ

ಆ ತೊಲೆ ಟೊಳ್ಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಟ್ಟಿ ಎಂದು ಹೇಳಿದೆ. ನನ್ನ ಮಾತು ನಂಬಿ ಪದ್ಮಾವತಿ ಆ ಮನೆ ಕೊಂಡರು. ತೊಲೆ ಮುರಿದು ಬಿದ್ದು ಅವರ ತಾಯಿಯ ಬಲಗೈ ಊನವಾಯಿತು. ತಪ್ಪು ತಮ್ಮದೇ ಎಂದು ಪದ್ಮಾವತಿ ಇವತ್ತಿಗೂ ತಿಳಿದಿದ್ದಾರೆ — ಹಾಗೆ ತಿಳಿಯುವಂತೆ ಮಾಡಿದವಳೂ ನಾನೇ.

ಅರಸೀಕೆರೆಯಲ್ಲಿ ಸ್ಟೇಷನ್ ಕಡೆಯಿಂದ ಪೇಟೆಗೆ ಹೋಗುವ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಮನೆಮನೆಯ ಮೇಲೂ ಕೊಬ್ಬರಿ ಅಟ್ಟವಿತ್ತು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ, ಸದ್ದಿನಿಂದಲೇ ತಿಳಿಯಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಒಣಗಿದೆ ಎಂದು ಲೆಕ್ಕ. ಮದುವೆಯಾಗಿ ಬಂದ ವರ್ಷದಿಂದ ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. "ಗಿರಿಜಮ್ಮನ ಕಿವಿ ತಪ್ಪಲ್ಲ ಕಣ್ರೀ" ಎಂದು ಕೊಬ್ಬರಿ ಮಂಡಿಯವರೂ ಹೇಳುತ್ತಿದ್ದರು. ಆ ಹೊಗಳಿಕೆ ನನ್ನ ತಲೆಗೇರಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಬೀದಿಯೇ ಬದಲಾಯಿತು. ಮಂಡಿಗಳು ಊರ ಹೊರಗಿನ ಹೊಸ ಜಾಗಕ್ಕೆ ಹೋದವು. ಎದುರು ಮನೆ ಲಾಡ್ಜ್ ಆಯಿತು, ಪಕ್ಕದ್ದು ರೇಡಿಯೋ ರಿಪೇರಿ ಅಂಗಡಿ. ಕಚೇರಿ, ಬ್ಯಾಂಕುಗಳಿಗೆ ವರ್ಗವಾಗಿ ಬಂದವರು ಚಿಕ್ಕ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆಯತೊಡಗಿದರು. ನಮ್ಮ ಅಟ್ಟ ಖಾಲಿ ಬಿದ್ದಿತ್ತು. ಅದನ್ನೇ ಮನೆ ಮಾಡಿ ಮಾರೋಣ ಎಂದವಳು ನಾನು. ಒಂದು ಹಜಾರ, ಒಂದು ಮಲಗುವ ಕೋಣೆ, ಅಡುಗೆಮನೆ, ಬಚ್ಚಲು, ಹೊರಗಿನಿಂದ ಮೆಟ್ಟಿಲು. ಕೆಳಗೆ ನಾವು ಇರುವುದು, ಮೇಲಿನದನ್ನು ಕೊಡುವುದು.

"ಅಟ್ಟದಲ್ಲಿ ಯಾರು ಸಂಸಾರ ಮಾಡ್ತಾರೆ ಕಣೇ, ಇಲಿಗಳಾ?" ಎಂದು ನಮ್ಮ ಯಜಮಾನರು ನಕ್ಕರು. ಬೀದಿಯವರೂ ನಕ್ಕರು. ನೆಲವಿಲ್ಲದ ಮನೆಯನ್ನು ಯಾರಾದರೂ ಕೊಳ್ಳುತ್ತಾರೆಯೇ, ಗಿರಿಜಮ್ಮ ಇನ್ನು ಗಾಳಿಯನ್ನೂ ತೂಗಿ ಮಾರುತ್ತಾಳೆ ಎಂದು ಆಡಿಕೊಂಡರು. ನೋಡಲು ಬಂದ ಒಬ್ಬಿಬ್ಬರು ಮೂಗು ಮುರಿದು ಮೆಟ್ಟಿಲಿಳಿದರು. ನನಗೆ ಹಟ ಬಂತು. ನಮಗೇನೂ ತಾಪತ್ರಯ ಇರಲಿಲ್ಲ. ಮಾರದಿದ್ದರೂ ಊಟಕ್ಕೆ ಕಡಿಮೆಯಾಗುತ್ತಿರಲಿಲ್ಲ. ನಕ್ಕವರ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೆ. ಎಷ್ಟು ಸಣ್ಣ ಕಾರಣ ನೋಡಿ — ಅದಕ್ಕಾಗಿ ನಾನು...

ಗಾರೆ ಕೆಲಸ ನಡೆಯುವಾಗಲೇ ಮಲಗುವ ಕೋಣೆಯ ತೊಲೆಯನ್ನು ಅಭ್ಯಾಸಬಲದಿಂದ ತಟ್ಟಿ ನೋಡಿದ್ದೆ. ಅಟ್ಟದ ಸೂರು ತಗ್ಗು, ಮಣೆಯ ಮೇಲೆ ನಿಂತರೆ ಕೈಗೆ ಸಿಗುತ್ತದೆ. ಎರಡು ಕೊನೆಗಳಲ್ಲೂ ಸದ್ದು ಸರಿಯಾಗಿತ್ತು, ನಡುವೆ ಬೊಳ್ಳೆಂದಿತು. ಒಳಗೆ ಗೆದ್ದಲು ತಿಂದಿತ್ತು. ಯಾರಿಗೂ ಹೇಳದೆ ಅದಕ್ಕೆ ಹಸಿರು ಬಣ್ಣ ಹೊಡೆಸಿದೆ.

ಪದ್ಮಾವತಿ ಬಂದದ್ದು ಅದಾದ ಮೇಲೆ. ಹಳೇಬೀಡಿನ ಜೈನರ ಮನೆಯ ಹೆಣ್ಣುಮಗಳು, ಇಲ್ಲಿ ಕಚೇರಿಯಲ್ಲಿ ಟೈಪಿಸ್ಟ್. ಮದುವೆಯಾಗಿರಲಿಲ್ಲ. ಅಣ್ಣಂದಿರು ಪಾಲಾದಾಗ ತಾಯಿಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಹೊರಟವರು. ಒಂಟಿ ಹೆಂಗಸೆಂದು ಬಾಡಿಗೆ ಮನೆಯವರು ಕೇಳಬಾರದ್ದೆಲ್ಲ ಕೇಳುತ್ತಿದ್ದರಂತೆ. "ನನ್ನದೇ ಅಂತ ಒಂದು ಬಾಗಿಲು ಬೇಕು ನೋಡಿ, ಒಂದು ಕೋಣೆ ಆದ್ರೂ ಸಾಕು" ಎಂದರು. ಮನೆಯೆಲ್ಲ ಸುತ್ತಿ ನೋಡಿ, ಕೊನೆಗೆ ಆ ಕೋಣೆಯಲ್ಲಿ ನಿಂತು ತಲೆಯೆತ್ತಿದರು.

"ಗಿರಿಜಮ್ಮನವರೇ, ನನಗೆ ಮರಮುಟ್ಟು ಏನೂ ಗೊತ್ತಾಗಲ್ಲ. ನೀವು ಸದ್ದು ಕೇಳಿ ಹೇಳೋರು. ಇದನ್ನ ಒಂದ್ಸಲ ತಟ್ಟಿ ಹೇಳಿ. ನೀವು ಸರಿ ಅಂದ್ರೆ ನಾನು ತಗೋತೀನಿ."

ಮಣೆ ಹತ್ತಿ ತಟ್ಟಿದೆ. ಬೊಳ್ಳೆಂದಿತು. ಅವರಿಗೂ ಕೇಳಿಸಿತು — ಮುಖದಲ್ಲಿ ಒಂದು ಅನುಮಾನ ಬಂದದ್ದು ನನಗೆ ಕಂಡಿತು. ಆಗ ನಾನು ನಕ್ಕು ಹೇಳಿದೆ: "ಕೊಬ್ಬರಿ ಒಣಗಿದ್ರೆ ಸದ್ದು ಬರಲ್ವಾ? ಮರಾನೂ ಹಂಗೇ ಕಣಮ್ಮ. ಚೆನ್ನಾಗಿ ಒಣಗಿರೋ ತೊಲೆ ಹಿಂಗೇ ಸದ್ದು ಮಾಡೋದು. ಗಟ್ಟಿ ಐತೆ."

ಹಳೇಬೀಡಿನ ಹುಡುಗಿಗೆ ಕೊಬ್ಬರಿ ಗೊತ್ತಿತ್ತು, ಮರ ಗೊತ್ತಿರಲಿಲ್ಲ. ಅವರ ಮುಖದ ಅನುಮಾನ ಹೋಯಿತು. ಮೂವತ್ತು ವರ್ಷ ನಿಯತ್ತಾಗಿ ಮಾಡಿದ ಕೆಲಸದ ಹೆಸರಿನಲ್ಲೇ ನಾನು ಆ ಸುಳ್ಳು ಹೇಳಿದ್ದೆ.

ಅವರು ಬಂದು ಸೇರಿದರು. ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡರು ಆ ಮನೆಯನ್ನು! ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ ತಾಯಿ ಮಗಳು ಅವರು. ಕಚೇರಿಯಿಂದ ಓಡೋಡಿ ಬಂದು ಪದ್ಮಾವತಿ ಮೆಟ್ಟಿಲು ಹತ್ತುವ ಸದ್ದಿಗೆ ನಾನು ಗಡಿಯಾರ ನೋಡುವುದನ್ನೇ ಬಿಟ್ಟಿದ್ದೆ. ಬೇಸಗೆಯ ಶುರುವಿನಲ್ಲಿ ಹಳೇಬೀಡಿನ ಮನೆಯಿಂದ ಉಯ್ಯಾಲೆ ಮಣೆ ಬಂತು. ಅಮ್ಮನಿಗೆ ಮಧ್ಯಾಹ್ನ ಅದರ ಮೇಲೆ ಕೂತು ಜಪ ಮಾಡುವ ರೂಢಿಯಂತೆ. ಅದನ್ನು ಆ ತೊಲೆಗೇ ನೇತುಹಾಕಿದರು.

ನಾನು ನೋಡಿದೆ. ಸುಮ್ಮನಿದ್ದೆ. ಆ ಬೇಸಗೆಯೆಲ್ಲ ಮಧ್ಯಾಹ್ನ ಮಧ್ಯಾಹ್ನ ಸರಪಳಿ ಕಿರ್ ಎನ್ನುವುದು ಕೆಳಗೆ ಕೇಳುತ್ತಿತ್ತು. ನಾಳೆ ಹೇಳೋಣ, ಹೇಗೆ ಹೇಳುವುದು, ಹೇಳಿದರೆ ನನ್ನ ಮಾತಿಗೇನು ಬೆಲೆ — ಹೀಗೇ ದಿನ ತಳ್ಳಿದೆ. ಮೆಟ್ಟಿಲು ಹತ್ತಿ ಒಂದು ಮಾತು ಹೇಳಲು ನನಗೆ ಕಾಲಿರಲಿಲ್ಲವೇ? ಬಾಯಿರಲಿಲ್ಲವೇ?

ಮೊದಲ ಮಳೆ ಬಂದ ವಾರ, ಅಮ್ಮ ಉಯ್ಯಾಲೆಯ ಮೇಲಿದ್ದಾಗಲೇ ತೊಲೆ ಮುರಿಯಿತು. ನಾನೇ ಮೊದಲು ಓಡಿದ್ದು. ಅಮ್ಮನನ್ನು ಎತ್ತಿ, ಆಸ್ಪತ್ರೆಗೆ ಕಳಿಸಿ — ಕಳಿಸಿದ ಮೇಲೆ ಮಾಡಿದ್ದನ್ನು ಹೇಗೆ ಹೇಳಲಿ? ಮುರಿದ ತುಂಡುಗಳ ಒಳಗೆ ಬರೀ ಮಣ್ಣು, ಪುಡಿ. ಅವನ್ನೆಲ್ಲ ಆಳಿನ ಕೈಲಿ ಕೆಳಗೆ ಹೊರಿಸಿ ನಮ್ಮ ಬಚ್ಚಲ ಒಲೆಗೆ ಹಾಕಿದೆ. ಹಂಡೆಯ ನೀರು ಬೆಚ್ಚಗಾಗುವ ಮುಂಚೆಯೇ ಅಷ್ಟು ದೊಡ್ಡ ತೊಲೆ ಉರಿದುಹೋಯಿತು.

ಸಂಜೆ ಪದ್ಮಾವತಿ ಆಸ್ಪತ್ರೆಯಿಂದ ಬಂದು ನನ್ನ ಮುಂದೆ ನಿಂತರು. ಬೈಯುತ್ತಾರೆ ಎಂದುಕೊಂಡಿದ್ದೆ. "ನಾನು ಉಯ್ಯಾಲೆ ಹಾಕಬಾರದಿತ್ತು. ನೀವು ಆಸೆಪಟ್ಟು ಕಟ್ಟಿಸಿದ ಮನೆ ಹಾಳು ಮಾಡಿಬಿಟ್ಟೆ. ಕ್ಷಮಿಸಿ" ಎಂದರು.

ಆಗಲಾದರೂ — ಆದರೆ ನನ್ನ ಬಾಯಿಂದ ಬಂದದ್ದು ಇಷ್ಟು: "ಹೋಗ್ಲಿ ಬಿಡಿ. ತೊಲೆಗೆ ಅಷ್ಟು ಭಾರ ಹಾಕಬಾರದು ಕಣಮ್ಮ."

ಮೊದಲ ಸುಳ್ಳಿಗಿಂತ ಈ ಮಾತು ದೊಡ್ಡ ಪಾಪ. ಅಮ್ಮನ ಕೈ ಸೊಟ್ಟಗೆ ಕೂಡಿಕೊಂಡಿತು, ಭುಜದಿಂದ ಮೇಲೆ ಏಳಲಿಲ್ಲ. ದಿನವೂ ಕಚೇರಿಗೆ ಹೊರಡುವ ಮುಂಚೆ ಮಗಳು ತಾಯಿಯ ತಲೆ ಬಾಚಬೇಕಾಯಿತು. ಬಾಗಿಲು ತೆರೆದಿದ್ದರೆ ನಮ್ಮ ಅಂಗಳಕ್ಕೆ ಅದು ಕಾಣುತ್ತಿತ್ತು. ನಾನು ಅಂಗಳಕ್ಕೆ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡೆ. ಹೋದ ವರ್ಷ ಅಮ್ಮ ತೀರಿಕೊಂಡರು. ಅವರ ಹತ್ತಿರ ಹೇಳುವ ಕಾಲ ದಾಟಿಹೋಯಿತು.

ಈಗ ಪದ್ಮಾವತಿಗೆ ಬೇಲೂರಿಗೆ ವರ್ಗವಾಗಿದೆ. ಮನೆ ಮಾರಾಟಕ್ಕಿದೆ. ಬೀದಿಯಲ್ಲಿ ಈಗ ಯಾರೂ ನಗುವುದಿಲ್ಲ, ಅಂಥ ಮನೆಗೆ ಜನ ಕಾದಿರುತ್ತಾರೆ. ನೋಡಲು ಬಂದ ಪ್ರತಿಯೊಬ್ಬರನ್ನೂ ಪದ್ಮಾವತಿ ಆ ಕೋಣೆಗೆ ಕರೆದುಕೊಂಡು ಹೋಗಿ ಹೇಳುತ್ತಾರೆ: "ಇಲ್ಲಿದ್ದ ತೊಲೆ ಮುರಿದಿತ್ತು, ನನ್ನದೇ ತಪ್ಪು. ಈಗ ಕಬ್ಬಿಣದ್ದು ಹಾಕಿಸಿದ್ದೀನಿ." ಮುಚ್ಚಿಡಬಹುದಿತ್ತು, ಕೇಳುವವರೂ ಇರಲಿಲ್ಲ. ಕೆಳಗೆ ಕೂತ ನನಗೆ ಅದೆಲ್ಲ ಕೇಳಿಸುತ್ತದೆ.

ನಿನ್ನೆ ಅವರೇ ಬಂದರು. ಭಾನುವಾರ ಒಬ್ಬರು ಮೇಡಂ ತಾಯಿಯನ್ನು ಕರೆದುಕೊಂಡು ಮನೆ ನೋಡಲು ಬರುತ್ತಾರಂತೆ. "ಹಜಾರದ ತೊಲೆ ಹಳೇದೇ ಅಲ್ವಾ, ನೀವು ಬಂದು ತಟ್ಟಿ ಹೇಳಿ. ನನ್ನ ಮಾತಿಗಿಂತ ನಿಮ್ಮ ಮಾತು ನಂಬ್ತಾರೆ" ಎಂದರು.

ಬರುತ್ತೇನೆ ಎಂದಿದ್ದೇನೆ. ಆದರೆ ಭಾನುವಾರದ ತನಕ ಕಾಯುವುದಿಲ್ಲ. ಇವತ್ತೇ, ಅವರು ಕಚೇರಿಯಿಂದ ಬಂದು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಲಿ — ಈ ಮಾತು ಕೇಳಿದ ಮೇಲೆ ಅವರಿಗೆ ತುತ್ತು ಇಳಿಯಲಾರದು. ಆಮೇಲೆ ಮೆಟ್ಟಿಲು ಹತ್ತುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಮಾತನ್ನು ಅವರ ಬಾಯಲ್ಲಿ ಒಮ್ಮೆ ಆಡಿಸಿದವಳು ನಾನು. ತೊಲೆ ಮೊದಲೇ ಟೊಳ್ಳಾಗಿತ್ತು, ನನಗೆ ಗೊತ್ತಿತ್ತು, ಉಯ್ಯಾಲೆಯಿಂದ ಮುರಿದದ್ದಲ್ಲ, ನಿಮ್ಮದೇನೂ ತಪ್ಪಿಲ್ಲ — ಇಷ್ಟು ಹೇಳುತ್ತೇನೆ. ಭಾನುವಾರ ಆ ಮೇಡಂ ಅವರ ಎದುರಿಗೂ ಇದನ್ನೇ ಹೇಳುತ್ತೇನೆ. ಅದಾದ ಮೇಲೂ ತಟ್ಟಿ ನೋಡಿ ಎಂದರೆ ತಟ್ಟುತ್ತೇನೆ, ಕೇಳಿಸಿದ್ದನ್ನು ಹೇಳುತ್ತೇನೆ.

ಮೆಟ್ಟಿಲಿನಲ್ಲಿ ಅವರ ಹೆಜ್ಜೆ ಸದ್ದು ಆಯಿತು. ಈಗ ಊಟಕ್ಕೆ ಕೂತಿರುತ್ತಾರೆ.