ಅರ್ಧ ಕೆಜಿಯ ಹಸಿರು ಹರಳು

ಕಳೆದ ಮಾಘದ ಮೊದಲ ಸಂತೆ, ಬೆಳಿಗ್ಗೆ ಒಂಬತ್ತು ಗಂಟೆ, ತೆರಕಣಾಂಬಿ. ಹಾಜರಿದ್ದವರು: ನಿವೃತ್ತ ಡ್ರಿಲ್ ಮಾಸ್ತರನಾದ ನಾನು, ನಿವೃತ್ತ ಬಸ್ ಕಂಡಕ್ಟರನಾದ ನನ್ನ ಗೆಳೆಯ, ಸಣ್ಣ ಈರುಳ್ಳಿ ಮಾರುವ ಒಬ್ಬ ಅವ್ವ.

ಹಸಿರು ಹರಳುಗಲ್ಲು ಕೂಡಿಡುವುದು ನನ್ನ ಚಟ. ಚಂದಕವಾಡಿಯ ಹೊಲದ ಬದುಗಳಿಂದ ಗುಂಡ್ಲುಪೇಟೆಯ ಹಳ್ಳಗಳವರೆಗೆ ನೆಲ ನೋಡಿಕೊಂಡೇ ನಡೆದವನು. ಹಾಗೆ ಹುಡುಕಿದಾಗೆಲ್ಲ ಸಿಗದಿದ್ದ ಕಲ್ಲು ಈ ಅವ್ವನ ತಕ್ಕಡಿಯಲ್ಲಿ ಕೂತಿತ್ತು. ಬಿಳಿ ಬೆಣಚುಕಲ್ಲಿನ ಮೈ, ಅದರೊಳಗೆ ಎಳೆ ಹುಲ್ಲಿನ ಬಣ್ಣದ ಉದ್ದುದ್ದ ಹರಳು. ಅತ್ತೆಯ ಕಾಲದಿಂದ ಅದೇ ಆಕೆಯ ಅರ್ಧ ಕೆಜಿಯ ತೂಕದ ಕಲ್ಲು.

ಹಿಂದಿನ ಸಂತೆಯಲ್ಲಿ ಕೇಳಿದಾಗ, "ಇಷ್ಟೇ ತೂಕದ ಬ್ಯಾರೆ ಕಲ್ಲ ತಂದ್ಕೊಡಿ ಮೇಷ್ಟ್ರೆ, ಇದ ತಗಂಡೋಗಿ" ಎಂದಿದ್ದಳು. ನಾನು ಚಾಮರಾಜನಗರದ ಕಲ್ಲುಕುಟಿಗನ ಮುಂದೆ ಅರ್ಧ ದಿನ ನಿಂತು, ಒಂದು ಕರಿಕಲ್ಲನ್ನು ಉಜ್ಜಿಸಿ ಉಜ್ಜಿಸಿ ಸರಿಯಾಗಿ ಐನೂರು ಗ್ರಾಂ ಮಾಡಿಸಿ ತಂದಿದ್ದೆ.

ಒಂದು ತಟ್ಟೆಗೆ ಅವಳದು, ಇನ್ನೊಂದಕ್ಕೆ ನನ್ನದು. ಹಸಿರು ಕಲ್ಲು ಧಡಕ್ಕನೆ ಕೆಳಗಿಳಿಯಿತು.

"ಅಯ್ಯೋ, ಕಮ್ಮಿ ತೂಕದ ಕಲ್ಲ ತಂದೌರಲ್ಲಪ್ಪ ಮೇಷ್ಟ್ರು!"

ಜನ ತಿರುಗಿ ನೋಡಿದರು. ಪಕ್ಕದ ಟೊಮೆಟೊ ಅಂಗಡಿಯವನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಎರಡನ್ನೂ ಇಡಿಸಿದೆ. ನನ್ನದು ಐನೂರು, ಅವಳದು ಐನೂರ ಅರವತ್ತು. ಇಷ್ಟು ವರ್ಷವೂ ಗಿರಾಕಿಗಳಿಗೆ ನೀವೇ ಹೆಚ್ಚು ಕೊಟ್ಟಿದ್ದೀರಿ ಎಂದು ಅವ್ವನಿಗೆ ವಿವರಿಸಿದೆ.

ಅವ್ವ ಟೊಮೆಟೊದವನ ಕಡೆ ತಿರುಗಿದಳು. "ನಿನ್ ಮಿಷನ್ನೇ ಸುಳ್ ಏಳ್ತದೆ ಕಣ್ಲಾ!"

"ಮೂವತ್ ವರ್ಸ ಐಕಳ ಸಾಲಾಗಿ ನಿಲ್ಸಿ, ಈಗ ಸಂತೇಲಿ ಕಳ್ಳ ಅನ್ನಿಸ್ಕಂಡ್ಯಲ್ಲೋ" ಎಂದು ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನೇ ನೆಲದಿಂದ ಒಂದು ಬೆಣಚುಕಲ್ಲಿನ ಚೂರು ಹೆಕ್ಕಿ, ಕರವಸ್ತ್ರದಲ್ಲಿ ಸುತ್ತಿ ನನ್ನ ಕರಿಕಲ್ಲಿಗೆ ಬಿಗಿದ. ತಟ್ಟೆಗಳು ಸಮನಾದವು. ಅವ್ವ ಒಪ್ಪಿದಳು.

ಒಪ್ಪದವರು ಗಿರಾಕಿಗಳು.

"ಹಸ್ರು ಕಲ್ಲೆಲ್ಲವ್ವ? ಇದೇನ್ ಗಂಟ್ಕಟ್ಟಿದ್ದೀಯೆ? ಬ್ಯಾಡ ಬುಡು."

ಇಬ್ಬರು ಎದ್ದು ಹೋದರು. ಅವ್ವನ ಮುಖ ಸಣ್ಣದಾಯಿತು. ಈರುಳ್ಳಿ ರಾಶಿ ಹಾಗೇ ಉಳಿದರೆ ಕಲ್ಲು ನನಗೆ ದಕ್ಕುವುದಿಲ್ಲ ಎಂಬುದು ಆ ಮುಖದಲ್ಲೇ ಇತ್ತು. ಕೂಡಲೇ ಅಂಗಿಯ ತೋಳು ಮಡಚಿ ಅವಳ ಪಕ್ಕ ನಿಂತೆ. ಬಂದ ಒಬ್ಬೊಬ್ಬರಿಗೂ ಹಸಿರು ಕಲ್ಲು ಮೇಲೆತ್ತಿ ತೋರಿಸುವುದು, ತಟ್ಟೆಗಿಡುವುದು, ಎದುರಿಗೆ ಕರಿಕಲ್ಲಿಡುವುದು, "ಸಮ!" ಎಂದು ಕೂಗುವುದು. ಮಧ್ಯಾಹ್ನದ ಹೊತ್ತಿಗೆ ಈರುಳ್ಳಿ ಬೇಡದವರೂ ನೋಡಲು ಬಂದರು. ಬಂದವರು ಮುಲಾಜಿಗೆ ಅರ್ಧ ಕೆಜಿ ಕೊಂಡರು. ಎರಡು ಗಂಟೆಯ ಮೇಲೆ ಹಸಿರು ಕಲ್ಲನ್ನು ಯಾರೂ ಕೇಳಲಿಲ್ಲ.

ಮೂರೂವರೆಗೆ ಗೋಣಿಯ ಮೇಲೆ ಕೊನೆಯ ಅರ್ಧ ಕೆಜಿ ಉಳಿಯಿತು. ನಾನೇ ಚೀಲ ಒಡ್ಡಿದೆ. ಅವ್ವ ಅದನ್ನು ಕರಿಕಲ್ಲಿನಲ್ಲೇ ತೂಗಿ ಸುರಿದಳು. ಮೇಲೆ ಹಸಿರು ಕಲ್ಲನ್ನಿಟ್ಟಳು.

"ಇದು ಕೊಸ್ರು, ಮೇಷ್ಟ್ರೆ."

ಚೀಲದ ಬಾಯಿ ಕಟ್ಟಿದೆ. ಅವಳ ಗೋಣಿತಾಟು ಕೊಡವಿ, ನಾಲ್ಕು ಮಡಿಕೆಯಾಗಿ ಮಡಚಿ ಕೈಗೆ ಕೊಟ್ಟೆ.